ಸಹಾಯ ಬೇಕು: ಎಸಿ ಬೋರ್ಡ್ ಮೇಲೆ ಹಲ್ಲಿ ಸತ್ತಿದೆ, ರಿಪೇರಿಯೋ ಹೊಸದೋ?

ಎಲ್ಲರಿಗೂ ನಮಸ್ಕಾರ. ನಾವಿರುವುದು ರಾಯಚೂರಿನಲ್ಲಿ, ಬಿಸಿಲಿನ ಕಥೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, 6 ವರ್ಷ ಹಳೆಯದು, ವಾರಂಟಿ ಮುಗಿದಿದೆ. ಮೊನ್ನೆ ರಾತ್ರಿಯಿಂದ ಒಳಗಿನ ಫ್ಯಾನ್ ಮಾತ್ರ ತಿರುಗುತ್ತಿದೆ. ಹೊರಗಿನ ಯೂನಿಟ್ ಸದ್ದೇ ಇಲ್ಲ. ಮೆಕ್ಯಾನಿಕ್ ಅದರ ಮುಚ್ಚಳ ಬಿಚ್ಚಿದರೆ ಪಿಸಿಬಿ (ಎಸಿ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್) ಮೇಲೆ ಸುಟ್ಟು ಒಣಗಿದ ಹಲ್ಲಿ! ಬಾಲ ತಾಗಿದ ಕಡೆ ರೂಪಾಯಿ ನಾಣ್ಯದಷ್ಟು ಅಗಲ ಕಪ್ಪಾಗಿದೆ. ಫ್ಯೂಸೂ ಹೋಗಿದೆ.

ಹೊಸ ಬೋರ್ಡಿಗೆ 9,500 ರೂಪಾಯಿ ಹೇಳಿದ್ದಾರೆ. ಇನ್ನೊಬ್ಬರು ಹೈದರಾಬಾದಿಗೆ ಕಳಿಸಿ 3,000ದೊಳಗೆ ರಿಪೇರಿ ಮಾಡಿಸಿಕೊಡುತ್ತೇನೆ ಅಂತಾರೆ. ರಿಪೇರಿ ಮಾಡಿಸಿದ ಬೋರ್ಡ್ ಬಾಳಿಕೆ ಬರುತ್ತಾ? ಮಾಡಿಸಿದವರು ದಯವಿಟ್ಟು ಹೇಳಿ. ಯೂನಿವರ್ಸಲ್ ಬೋರ್ಡ್ (ಬೇರೆ ಬೇರೆ ಎಸಿಗಳಿಗೆ ಒಂದೇ ಅಂತ ಮಾರುವುದು) ಸಲಹೆ ಮಾತ್ರ ಬೇಡ. ಇನ್ವರ್ಟರ್ ಕಂಪ್ರೆಸರ್‌ಗೆ ಅದೇ ಮಾಡೆಲಿನ ಬೋರ್ಡೇ ಬೇಕು.

ನಮ್ಮ ಮನೆಯವರು ತಾವೇ ಹಾಕುತ್ತೇನೆ ಅಂತ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾರೆ. ಕರೆಂಟ್ ತೆಗೆದ ಮೇಲೂ ಬೋರ್ಡಿನ ಕೆಪ್ಯಾಸಿಟರ್‌ನಲ್ಲಿ (ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ) 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು ಅಂತ ಹೇಳಿ ಸದ್ಯಕ್ಕೆ ತಡೆದಿದ್ದೇನೆ.

ಇನ್ನೊಂದು, ಹೊಸ ಬೋರ್ಡ್ ಹಾಕಿದ ಮೇಲೆ ಹಲ್ಲಿ ಒಳಗೆ ಹೋಗದಂತೆ ನೀವೇನು ಮಾಡಿದ್ದೀರಿ? ಗಾಳಿ ತಡೆಯದ ಉಪಾಯ ಬೇಕು. ಬೋರ್ಡಿನ ಫೋಟೋ ಕಮೆಂಟಿನಲ್ಲಿ ಹಾಕಿದ್ದೇನೆ.