ಮೊದಲ ಬಿಸಿಡಿ: ಜಾಕೆಟ್ಟೋ ಬ್ಯಾಕ್‌ಪ್ಲೇಟೋ ಎನ್ನುವ ಮುನ್ನ ಸೀಸದ ಲೆಕ್ಕ

ಕೇಳಿಕೆ, ಬೆಂಗಳೂರಿನಿಂದ

ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಸ್ಕೂಬಾ ಡೈವಿಂಗಿನ ಓಪನ್ ವಾಟರ್ ಕೋರ್ಸ್ ಮುಗಿಸಿ ಬಂದಿದ್ದೇನೆ. ಮಳೆಗಾಲ ಕಳೆದ ಮೇಲೆ ನೇತ್ರಾಣಿ ದ್ವೀಪಕ್ಕೂ, ರಜೆ ಸಿಕ್ಕಾಗ ಮತ್ತೆ ಅಂಡಮಾನಿಗೂ ಹೋಗುವ ಆಲೋಚನೆಯಿದೆ. ನನ್ನ ಎತ್ತರ ಐದು ಅಡಿ ಒಂದು ಅಂಗುಲ, ತೂಕ 52 ಕೆ.ಜಿ. ಬಾಡಿಗೆಗೆ ಸಿಕ್ಕಿದ ಬಿಸಿಡಿಗಳೆಲ್ಲ (ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವ, ಗಾಳಿ ತುಂಬಿ ಬಿಟ್ಟು ತೇಲುವುದನ್ನು ಹೊಂದಿಸಿಕೊಳ್ಳುವ ಚೀಲವುಳ್ಳ ತೊಡುಗೆ) ನನಗೆ ದೊಡ್ಡವಾಗಿದ್ದವು. ನೀರಿನ ಮೇಲೆ ಬಂದು ಗಾಳಿ ತುಂಬಿದ ಕೂಡಲೇ ಭುಜದ ಭಾಗ ಕಿವಿಯವರೆಗೆ ಏರುತ್ತಿತ್ತು. ನೀರಿನೊಳಗೆ ಸಿಲಿಂಡರ್ ಬೆನ್ನ ಮೇಲೆ ಆ ಕಡೆ ಈ ಕಡೆ ವಾಲುತ್ತಿತ್ತು. ಹೀಗಾಗಿ ಸ್ವಂತಕ್ಕೆಂದು ಮೊದಲು ಬಿಸಿಡಿಯನ್ನೇ ಕೊಳ್ಳೋಣವೆಂದುಕೊಂಡಿದ್ದೇನೆ. ಜಾಕೆಟ್ ಮಾದರಿ, ಬೆನ್ನ ಕಡೆ ಮಾತ್ರ ಗಾಳಿ ತುಂಬುವ ಮಾದರಿ, ಬ್ಯಾಕ್‌ಪ್ಲೇಟ್ ಮತ್ತು ವಿಂಗ್ (ಬೆನ್ನಿಗೆ ಕಟ್ಟುವ ಪ್ಲೇಟು, ಅದಕ್ಕೆ ಸೇರಿಸುವ ಗಾಳಿಯ ಚೀಲ) ಕೂಡಿದ ಜೋಡಣೆ, ಈ ಮೂರರಲ್ಲಿ ನನಗೆ ಯಾವುದು ಸರಿ? ಕೋರ್ಸಿನಲ್ಲಿ ಮೈ ಬೆಚ್ಚಗಿಡುವ 3 ಮಿ.ಮೀ. ದಪ್ಪದ ಸೂಟಿನ ಜೊತೆ, ತೇಲದೆ ಮುಳುಗಲೆಂದು ನನಗೆ 6 ಕೆ.ಜಿ. ಸೀಸ ಕಟ್ಟಿದ್ದರು. ಬಳಸಿ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಮುರುಡೇಶ್ವರದ ಕಡೆಯಿಂದ

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದಿರುವ ಆ 6 ಕೆ.ಜಿ. ಸೀಸದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ಬಿಸಿಡಿ ಬೇಕೆಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ನಿಮ್ಮ ಮೈಕಟ್ಟಿಗೆ, 3 ಮಿ.ಮೀ. ಸೂಟಿಗೆ, ನಮ್ಮಲ್ಲಿ ಎಲ್ಲೆಡೆ ಬಳಕೆಯಲ್ಲಿರುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿಗೆ 6 ಕೆ.ಜಿ. ಹೆಚ್ಚೆಂದೇ ನನಗೆ ತೋರುತ್ತದೆ. ಕೋರ್ಸಿನಲ್ಲಿ ಹೊಸಬರು ಮಂಡಿಯೂರಿ ಅಭ್ಯಾಸ ಮಾಡುವಾಗ ಮೇಲಕ್ಕೆ ತೇಲಿಹೋಗದಿರಲೆಂದು ಸ್ವಲ್ಪ ಹೆಚ್ಚು ಕಟ್ಟುವ ರೂಢಿ ಹಲವು ಕಡೆ ಇದೆ. ಕಲಿಸುವವರಿಗೆ ಅದರಿಂದ ಅನುಕೂಲವಾದರೂ ಕಲಿತು ಹೊರಬಂದವರು ಅದೇ ಅಂಕಿಯನ್ನು ತಮ್ಮದೆಂದು ಹಿಡಿದುಕೊಳ್ಳುವುದು ಸರಿಯಲ್ಲ.

ಹೆಚ್ಚಾದರೆ ಏನಾಗುತ್ತದೆಂಬುದನ್ನು ಲೆಕ್ಕದಲ್ಲಿ ನೋಡಿ. ಬೇಕಾದ್ದಕ್ಕಿಂತ 2 ಕೆ.ಜಿ. ಸೀಸ ಹೆಚ್ಚಿದ್ದರೆ, ಅದನ್ನು ಸರಿದೂಗಿಸಲು ಬಿಸಿಡಿಯೊಳಗೆ ಸುಮಾರು 2 ಲೀಟರ್ ಗಾಳಿಯನ್ನು ಹೆಚ್ಚುವರಿಯಾಗಿ ಹೊತ್ತುಕೊಂಡೇ ಇರಬೇಕಾಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ 2 ಬಾರ್, 5 ಮೀಟರಿನಲ್ಲಿ ಒಂದೂವರೆ ಬಾರ್. ಆದ್ದರಿಂದ 10 ಮೀಟರಿನಿಂದ 5 ಮೀಟರಿಗೆ ಏರುವಷ್ಟರಲ್ಲಿ ಆ ಎರಡು ಲೀಟರ್ ಹಿಗ್ಗಿ ಸುಮಾರು 2.7 ಲೀಟರ್ ಆಗುತ್ತದೆ, ಮತ್ತು ಹಿಗ್ಗಿದ ಗಾಳಿ ನಿಮ್ಮನ್ನು ಇನ್ನಷ್ಟು ವೇಗವಾಗಿ ಮೇಲಕ್ಕೆ ಎಳೆಯುತ್ತದೆ. ಹೊಸಬರು ನೀರಿನಲ್ಲಿ ಏರುತ್ತ ಇಳಿಯುತ್ತ, ಬಟನ್ ಒತ್ತುವುದು ಗಾಳಿ ಬಿಡುವುದು ಇದರಲ್ಲೇ ಡೈವ್ ಕಳೆಯುವುದಕ್ಕೆ ಬಹುತೇಕ ಇದೇ ಕಾರಣ. ಸೀಸ ಸರಿಯಾಗದ ಹೊರತು, ಎಷ್ಟು ಬೆಲೆಯ ಬಿಸಿಡಿ ಕೊಂಡರೂ ಈ ತೊಂದರೆ ನಿಮ್ಮ ಜೊತೆಗೇ ಬರುತ್ತದೆ.

ಮುಂದಿನ ಸಲ ನೀರಿಗೆ ಇಳಿದಾಗ, ಜೊತೆಗಿರುವ ಬೋಧಕರಿಗೆ ಮೊದಲೇ ತಿಳಿಸಿ, ಈ ಪರೀಕ್ಷೆ ಮಾಡಿಕೊಳ್ಳಿ. ಡೈವ್ ಮುಗಿಯುವ ಹೊತ್ತಿಗೆ, ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ ಕೆಲವು ನಿಮಿಷ ತಂಗುವ ಸೇಫ್ಟಿ ಸ್ಟಾಪಿನಲ್ಲಿ ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟು, ಸಹಜವಾಗಿ ಉಸಿರಾಡುತ್ತ, ಕಾಲು ಬಡಿಯದೆ ನಿಲ್ಲಿ. ಅಲ್ಲೇ ನಿಂತರೆ ಸೀಸ ಸರಿಯಿದೆ. ಕೆಳಗೆ ಜಾರುತ್ತಿದ್ದರೆ ಹೆಚ್ಚಾಗಿದೆ, ಮುಂದಿನ ಡೈವಿಗೆ ಒಂದು ಕಿಲೋ ತೆಗೆದು ಮತ್ತೆ ನೋಡಿ. ಈ ಪರೀಕ್ಷೆಯನ್ನು ಡೈವಿನ ಕೊನೆಗೇ ಮಾಡಬೇಕೆನ್ನುವುದಕ್ಕೆ ಕಾರಣವಿದೆ. 200 ಬಾರ್ ತುಂಬಿದ ಸಿಲಿಂಡರಿನೊಳಗಿನ ಗಾಳಿಯೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ತುಂಬಿದಾಗ ನೀರಿನಲ್ಲಿ ಮುಳುಗುವ ಅಲ್ಯೂಮಿನಿಯಂ ಸಿಲಿಂಡರ್, ಖಾಲಿಯಾಗುತ್ತ ಬಂದಂತೆ ತಾನೇ ತೇಲತೊಡಗುತ್ತದೆ. ಬೆಂಗಳೂರಿನ ಈಜುಕೊಳದಲ್ಲಿ ನೋಡಿಕೊಂಡ ಅಂಕಿಯನ್ನೂ ಸಮುದ್ರಕ್ಕೆ ಹಾಗೆಯೇ ಒಯ್ಯಬೇಡಿ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಸಲಕರಣೆಯೂ ಸೇರಿ 70 ಕೆ.ಜಿ. ದಾಟುವ ನಿಮಗೆ ಸಮುದ್ರದಲ್ಲಿ ಸುಮಾರು ಎರಡು ಕಿಲೋ ಹೆಚ್ಚು ಬೇಕಾದೀತು.

ಈ ಲೆಕ್ಕವಾದರೆ ಬಿಸಿಡಿಗೆ ಎಷ್ಟು ಎತ್ತುವ ಶಕ್ತಿ ಬೇಕೆಂಬುದು ಸುಲಭವಾಗಿ ತಿಳಿಯುತ್ತದೆ. ಡೈವಿನ ಆರಂಭದಲ್ಲಿ ನೀವು ಹೊತ್ತಿರುವ ಗಾಳಿಯ ಎರಡೂವರೆ ಕಿಲೋ, ಆಳದಲ್ಲಿ ಸೂಟು ಅಮುಕಿಕೊಂಡು ಕಳೆದುಕೊಳ್ಳುವ ತೇಲುವ ಶಕ್ತಿಯ ಒಂದು ಒಂದೂವರೆ ಕಿಲೋ, ಒಟ್ಟು ನಾಲ್ಕು ಕಿಲೋ ಸುತ್ತಮುತ್ತ. ಇದರ ಮೇಲೆ, ಅಲೆಯಿರುವಾಗ ತಲೆಯನ್ನು ನೀರಿನಿಂದ ಸಾಕಷ್ಟು ಎತ್ತರದಲ್ಲಿರಿಸಲು ಮತ್ತು ಬಿಚ್ಚಿದ ಸಲಕರಣೆ ತಾನಾಗಿ ತೇಲಲು ಒಂದಿಷ್ಟು ಬೇಕು. 10ರಿಂದ 13 ಕೆ.ಜಿ. ಎತ್ತುವ ಬಿಸಿಡಿ ನಿಮಗೆ ಧಾರಾಳವಾಯಿತು. ಹೆಚ್ಚಿದ್ದಷ್ಟೂ ಸುರಕ್ಷಿತವೆಂದು ಅಂಗಡಿಯವರು 20 ಕೆ.ಜಿ.ಯದನ್ನು ಮುಂದಿಟ್ಟರೆ ಒಪ್ಪಬೇಡಿ. ಅದು ಎರಡು ಸಿಲಿಂಡರ್ ಹೊರುವವರಿಗೆ, ತಣ್ಣೀರಿನಲ್ಲಿ ದಪ್ಪ ಸೂಟು ಧರಿಸುವವರಿಗೆ ತಕ್ಕದ್ದು.

ಇನ್ನು ಮಾದರಿಯ ಮಾತು. ನಮ್ಮ ನೇತ್ರಾಣಿ ಕರಾವಳಿಯಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಗುಡ್ಡ, ದೋಣಿಯಿಂದ ಇಳಿದು ದೋಣಿಗೇ ಹತ್ತಬೇಕು, ಮಧ್ಯಾಹ್ನದ ಗಾಳಿಗೆ ಅಲೆ ಏಳುವುದೂ ಉಂಟು. ಸರದಿಗಾಗಿ ಏಣಿಯ ಹತ್ತಿರ ತೇಲುತ್ತ ಕಾಯುವಾಗ ಜಾಕೆಟ್ ಮಾದರಿ ಮೈಯನ್ನು ನೆಟ್ಟಗೆ ಹಿಡಿದಿಡುತ್ತದೆ, ಇದು ಅದರ ನಿಜವಾದ ಗುಣ. ಆದರೆ ಪೂರ್ತಿ ಗಾಳಿ ತುಂಬಿದಾಗ ಪಕ್ಕೆಗಳನ್ನು ಅಮುಕುತ್ತದೆ, ಮತ್ತು ನೀರಿನೊಳಗೆ ಅಡ್ಡ ಮಲಗಿ ಈಜುವಾಗ ಗಾಳಿ ಪಕ್ಕಗಳಿಗೆ ಹರಿದಾಡುತ್ತದೆ. ಬೆನ್ನ ಕಡೆ ಮಾತ್ರ ತುಂಬುವ ಬಿಸಿಡಿ ನೀರಿನೊಳಗೆ ಮೈಯನ್ನು ಸಮತಲವಾಗಿ ಇರಿಸುತ್ತದೆ. ಮೇಲೆ ಬಂದಾಗ ಮುಖವನ್ನು ಮುಂದಕ್ಕೆ ತಳ್ಳುತ್ತದೆಂಬ ದೂರು ಅದರ ಮೇಲಿದೆ. ಸೀಸವನ್ನೆಲ್ಲ ಹೊಟ್ಟೆಯ ಕಡೆ ಕಟ್ಟಿಕೊಂಡು, ಚೀಲವನ್ನು ಬಿರಿಯುವಂತೆ ತುಂಬಿದವರಿಗೆ ಹಾಗಾಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದೆರಡು ಕಿಲೋವನ್ನು ಸಿಲಿಂಡರಿನ ಪಟ್ಟಿಗೆ ಸಾಗಿಸಿ, ಬೇಕಾದಷ್ಟೇ ಗಾಳಿ ತುಂಬಿ, ಸ್ವಲ್ಪ ಹಿಂದಕ್ಕೆ ಒರಗಿದರೆ ಆ ದೂರು ಬಹುಮಟ್ಟಿಗೆ ಇಲ್ಲವಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಮಹಿಳೆಯರ ಅಳತೆಗೆಂದೇ ಹೊಲಿದ, ಬೆನ್ನ ಕಡೆ ತುಂಬುವ ಹಗುರ ಬಿಸಿಡಿಯನ್ನು ಆರಿಸುತ್ತಿದ್ದೆ. ಕೊಳ್ಳುವ ಮುನ್ನ ಅಂಗಡಿಯಲ್ಲಿ ನಿಮ್ಮ ಸೂಟು ಧರಿಸಿ, ಅದರ ಮೇಲೆ ಬಿಸಿಡಿ ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದು, ಪೂರ್ತಿ ಗಾಳಿ ತುಂಬಿಸಿ ನೋಡಿ. ಆಗಲೂ ದೀರ್ಘವಾಗಿ ಉಸಿರೆಳೆಯಲು ಬರಬೇಕು. ಬೇರೊಬ್ಬರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿದರೆ ಅದು ನಿಮ್ಮ ಗದ್ದ ಮುಟ್ಟಬಾರದು. ಎಡಗೈ ನೋಡದೆಯೇ, ಗಾಳಿ ತುಂಬುವ ಬಿಡುವ ಬಟನ್‌ಗಳಿರುವ ಇನ್‌ಫ್ಲೇಟರನ್ನೂ, ಬಲಗೈ ಸೊಂಟದ ಹಿಂದಿನ ಗಾಳಿ ಬಿಡುವ ದಾರವನ್ನೂ ಹುಡುಕಿಕೊಳ್ಳಬೇಕು.

ಉತ್ತರ, ದುಬೈಯಿಂದ

ಮೇಲಿನವರು ಸೀಸದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಬ್ಯಾಕ್‌ಪ್ಲೇಟನ್ನು ಅವರು ಮುಟ್ಟದೆ ಬಿಟ್ಟಿರುವುದರಿಂದ ನಾನು ಬರೆಯುತ್ತಿದ್ದೇನೆ. ನಾನೂ ನಿಮ್ಮಷ್ಟೇ ಗಿಡ್ಡ. ಸಣ್ಣ ಮೈಕಟ್ಟಿನವರಿಗೆ ಸಿದ್ಧ ಅಳತೆಯ ಬಿಸಿಡಿಗಳಲ್ಲಿ ಆಯ್ಕೆ ಕಡಿಮೆ. ಬ್ಯಾಕ್‌ಪ್ಲೇಟಿನಲ್ಲಾದರೋ ಅಳತೆ ನಮ್ಮ ಕೈಯಲ್ಲೇ ಇರುತ್ತದೆ. 5 ಸೆಂ.ಮೀ. ಅಗಲದ ಒಂದೇ ಉದ್ದನೆಯ ಪಟ್ಟಿ ಎರಡೂ ಭುಜ ಸುತ್ತಿ ಸೊಂಟಕ್ಕೆ ಬರುತ್ತದೆ; ಮೈಗೆ ತಕ್ಕಂತೆ ಹೊಂದಿಸಿ ಉಳಿದುದನ್ನು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಎಳೆ ಬಿಚ್ಚದಂತೆ ಮಾಡಿದರಾಯಿತು. ಕತ್ತರಿಸುವ ಅವಸರ ಮಾತ್ರ ಬೇಡ: ಕೆಲವು ಡೈವ್ ಮಾಡಿ, ಸೂಟಿನ ಮೇಲೆ ಪಟ್ಟಿಯ ಅಡಿಯಲ್ಲಿ ಹೆಬ್ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿದೆಯೆಂದು ಖಚಿತವಾದ ಮೇಲೆ ಕತ್ತರಿಸಿ. ಕಾಲುಗಳ ನಡುವೆ ಹಾದು ಸೊಂಟಕ್ಕೆ ಸೇರುವ ಪಟ್ಟಿಯೊಂದು ಇದರಲ್ಲಿರುತ್ತದೆ. ಬಾಡಿಗೆ ಜಾಕೆಟ್ ಕಿವಿಯವರೆಗೆ ಏರುತ್ತಿತ್ತೆಂದು ನೀವು ಬರೆದಿದ್ದೀರಲ್ಲ, ಆ ಸಮಸ್ಯೆಗೆ ಇದಕ್ಕಿಂತ ನೇರವಾದ ಪರಿಹಾರವನ್ನು ನಾನು ಕಂಡಿಲ್ಲ.

ಈ ಜೋಡಣೆ ಬೆಳೆದು ಬಂದದ್ದು ಫ್ಲಾರಿಡಾದ ನೀರೊಳಗಿನ ಗುಹೆಗಳನ್ನು ಹೊಕ್ಕವರ ನಡುವೆ. ಅದರಿಂದಾಗಿ ಇದು ಪರಿಣತರದು, ಹೊಸಬರಿಗಲ್ಲ ಎಂಬ ಅಭಿಪ್ರಾಯ ಉಳಿದುಕೊಂಡಿದೆ. ನೀರಿನಲ್ಲಿ ಅದರ ಬಳಕೆ ಬೇರೆ ಬಿಸಿಡಿಗಿಂತ ಕಷ್ಟವೇನಲ್ಲ: ಅದೇ ಇನ್‌ಫ್ಲೇಟರ್, ಅದೇ ಬಟನ್‌ಗಳು. ಮೊದಲ ಜೋಡಣೆಗೆ ಗೊತ್ತಿರುವವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು, ಅಷ್ಟೇ.

ಪ್ಲೇಟಿನ ಲೋಹವನ್ನು ಮಾತ್ರ ಎಚ್ಚರದಿಂದ ಆರಿಸಿ. ಉಕ್ಕಿನದು ಎರಡೂವರೆ ಕಿಲೋಗಿಂತ ಹೆಚ್ಚೇ ತೂಗುತ್ತದೆ, ಅಲ್ಯೂಮಿನಿಯಂನದು ಒಂದು ಕಿಲೋ ಆಸುಪಾಸು. ನಾನು ಡೈವ್ ಮಾಡುವ ಫುಜೈರಾದಲ್ಲಿ ಚಳಿಗಾಲಕ್ಕೆ ನೀರು ತಣ್ಣಗಾಗಿ 5 ಮಿ.ಮೀ. ಸೂಟು ಬೇಕಾಗುವುದರಿಂದ, ಹೆಚ್ಚುವ ಸೀಸದ ಬಹುಭಾಗವನ್ನು ಉಕ್ಕಿನ ಪ್ಲೇಟೇ ಹೊತ್ತುಕೊಳ್ಳುತ್ತದೆ; ಆ ತೂಕ ಬೆನ್ನುದ್ದಕ್ಕೂ ಹರಡಿರುವುದರಿಂದ ಕಾಲು ಕೆಳಗೆ ಜೋತುಬೀಳುವುದಿಲ್ಲ. ಅಂಡಮಾನಿನ 28–29 ಡಿಗ್ರಿಯ ನೀರಿನಲ್ಲಿ, ತೆಳುವಾದ ಅಂಗಿಯಷ್ಟೇ ತೊಟ್ಟು ಇಳಿಯುವ ದಿನ, 52 ಕೆ.ಜಿ.ಯ ನಿಮಗೆ ಅದೇ ಪ್ಲೇಟು ಹೆಚ್ಚು ಭಾರವಾಗಬಹುದು, ಮತ್ತು ತುರ್ತಿನಲ್ಲಿ ಕಳಚಿ ಬಿಡಲು ಮೈಮೇಲೆ ಸೀಸವೇ ಉಳಿದಿರುವುದಿಲ್ಲ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಸಾಮಾನಿಗಷ್ಟೇ ಅವಕಾಶವೆಂಬುದೂ ನೆನಪಿರಲಿ. ನಿಮಗೆ ಸಣ್ಣ ಅಳತೆಯ ಅಲ್ಯೂಮಿನಿಯಂ ಪ್ಲೇಟ್ ಅಥವಾ ಬಟ್ಟೆಯ ಮೃದು ಪ್ಲೇಟ್ ಒಳ್ಳೆಯದು. ವಿಂಗ್ ಕೊಳ್ಳುವಾಗ ಒಂದೇ ಸಿಲಿಂಡರಿಗೆಂದು ಮಾಡಿದ ಕಿರಿದಾದುದನ್ನೇ ಕೊಳ್ಳಿ. ಎರಡು ಸಿಲಿಂಡರಿನ ಅಗಲ ವಿಂಗನ್ನು ಒಂದಕ್ಕೆ ಕಟ್ಟಿದರೆ, ಊಟ ಮುಗಿಸಿ ಮಡಚಿದ ಬಾಳೆಲೆಯಂತೆ ಅದರ ಅಂಚುಗಳು ಸಿಲಿಂಡರಿನ ಸುತ್ತ ಮೇಲೆದ್ದು, ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಸಿಕ್ಕಿಕೊಳ್ಳುತ್ತದೆ.

ಉತ್ತರ, ಮಂಗಳೂರಿನಿಂದ

ಇಬ್ಬರ ಸಲಹೆಯೂ ಉಪಯುಕ್ತವಾಗಿದೆ, ಆದರೂ ಈ ಋತುವಿಗೆ ಬಿಸಿಡಿ ಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಡೈವಿಂಗ್ ನಿಂತೇ ಹೋಗುತ್ತದೆ; ಉಳಿದ ತಿಂಗಳುಗಳಲ್ಲೂ ಕೆಲಸದ ನಡುವೆ ನಮಗೆ ಸಿಗುವ ದಿನಗಳು ಕೆಲವೇ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕನ್ನೂ ಆಳ, ಸಮಯಗಳ ಲೆಕ್ಕವಿಡುವ ಸ್ವಂತ ಡೈವ್ ಕಂಪ್ಯೂಟರನ್ನೂ ಮೊದಲು ಕೊಂಡುಕೊಳ್ಳಿ. ಹೋಗುವ ಮುನ್ನ ಕೇಂದ್ರಕ್ಕೆ ನಿಮ್ಮ ಎತ್ತರ ತೂಕ ತಿಳಿಸಿ ತೀರಾ ಸಣ್ಣ ಅಳತೆಯ ಬಿಸಿಡಿಯನ್ನು ಕಾದಿರಿಸಲು ಹೇಳಿ. ಸಿಕ್ಕಿದಲ್ಲೆಲ್ಲ ಬೇರೆ ಬೇರೆ ಮಾದರಿಗಳನ್ನು ಬಾಡಿಗೆಗೆ ಪಡೆದು ತೊಟ್ಟು ನೋಡಿ. ಮೈಗೆ ಯಾವುದು ಒಗ್ಗುತ್ತದೆಂಬುದನ್ನು ಬೇರೆಯವರು ಹೇಳಿ ತಿಳಿಸಲಾಗದು.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸೀಸದ ಪರೀಕ್ಷೆಯನ್ನು ನೇತ್ರಾಣಿಯಲ್ಲಿ ಖಂಡಿತ ಮಾಡಿಕೊಳ್ಳುತ್ತೇನೆ, ಕೊಳ್ಳುವುದು ಅದರ ನಂತರವೇ. ಇನ್ನೆರಡು ಸಂದೇಹಗಳಿವೆ. ಸೀಸವನ್ನು ಬಿಸಿಡಿಯ ಜೇಬಿನಲ್ಲೇ ಇಡುವ ಮಾದರಿ ಬೇಕೇ, ಸೊಂಟದ ಬೆಲ್ಟು ಸಾಕೇ? ಪರಿಚಯದವರೊಬ್ಬರು ತಾವು ಬಳಸಿದ ಬಿಸಿಡಿಯನ್ನು ಮಾರುತ್ತಿದ್ದಾರೆ, ಅಂಥದ್ದನ್ನು ಕೊಳ್ಳಬಹುದೇ?

ಉತ್ತರ, ಪುಣೆಯಿಂದ

ಜೇಬು ಸೊಂಟಕ್ಕೆ ಹಿತ. ಆದರೆ ಸೀಸವನ್ನು ನಾವು ಊರಿನಿಂದ ಹೊತ್ತೊಯ್ಯುವುದಿಲ್ಲ, ಹೋದಲ್ಲಿ ಕೊಟ್ಟದ್ದನ್ನೇ ಬಳಸುತ್ತೇವೆ; ಬೆಲ್ಟಿಗೆಂದು ಎರಕ ಹೊಯ್ದ ದೊಡ್ಡ ತುಂಡುಗಳು ಸಣ್ಣ ಅಳತೆಯ ಬಿಸಿಡಿಯ ಜೇಬಿಗೆ ಹಿಡಿಸದೆ ಹೋಗುವುದುಂಟು. ದೋಣಿಗೆ ಹತ್ತುವ ಮುನ್ನ ಸಲಕರಣೆಯನ್ನು ಬಿಚ್ಚಿ ಮೇಲಿನವರ ಕೈಗೆ ಕೊಡುವ ರೂಢಿಯಿರುವಲ್ಲಿ, ಸೀಸವೂ ಅದರಲ್ಲೇ ಇದ್ದರೆ ಎತ್ತುವವರಿಗೆ ಭಾರ. ನಿಮಗೆ ಬೇಕಾಗುವ ಮೂರು ನಾಲ್ಕು ಕಿಲೋಗೆ ರಬ್ಬರ್ ಬೆಲ್ಟು ಸಾಕು. ನೈಲಾನಿನದು ಸೂಟು ಅಮುಕಿದಂತೆ ಸಡಿಲವಾಗಿ ಜಾರುತ್ತದೆ, ರಬ್ಬರಿನದು ಮೈಗೆ ಕಚ್ಚಿಕೊಂಡಿರುತ್ತದೆ. ಇದರ ಜೊತೆ ಸಿಲಿಂಡರ್ ಪಟ್ಟಿಯ ಮೇಲೆ ಸಣ್ಣ ಜೇಬೆರಡಿದ್ದರೆ ಒಂದಿಷ್ಟು ಸೀಸವನ್ನು ಅಲ್ಲಿಗೆ ಹಂಚಬಹುದು.

ಬಳಸಿದ್ದನ್ನು ಧೈರ್ಯವಾಗಿ ಕೊಳ್ಳಿ, ಆದರೆ ನಿಮ್ಮ ಅಳತೆಯದಾಗಿದ್ದರೆ ಮಾತ್ರ. ಬೆಲೆ ಕಡಿಮೆಯೆಂದು ದೊಡ್ಡದನ್ನು ಕೊಂಡರೆ ಬಾಡಿಗೆಯ ಕಷ್ಟವೇ ಸ್ವಂತದ್ದಾಗುತ್ತದೆ. ಬಿರಿಯುವಷ್ಟು ಗಾಳಿ ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆಯೂ ಗಟ್ಟಿಯಾಗಿದ್ದರೆ ಚೀಲ ಚೆನ್ನಾಗಿದೆ. ಗಾಳಿ ಬಿಡುವ ಪ್ರತಿಯೊಂದು ವಾಲ್ವನ್ನೂ ಎಳೆದು ಬಿಟ್ಟು, ತಾನಾಗಿ ಮುಚ್ಚಿಕೊಳ್ಳುತ್ತದೆಯೇ ನೋಡಿ. ಬಾಯಿಂದ ಊದುವ ಕೊಳವೆಯನ್ನು ಕೆಳಮುಖ ಮಾಡಿ ಅಲುಗಿಸಿದಾಗ ಉಪ್ಪಿನ ಹರಳು ಉದುರಿದರೆ, ಹಿಂದಿನವರು ಒಳಗನ್ನು ತೊಳೆದಿಲ್ಲವೆಂದು ಅರ್ಥ. ನೀವು ಪ್ರತಿ ಪ್ರವಾಸದ ನಂತರ ಆ ಕೊಳವೆಯಿಂದಲೇ ಸಿಹಿನೀರು ತುಂಬಿಸಿ, ಗಾಳಿಯೂದಿ, ಕುಲುಕಿ, ಬಗ್ಗಿಸಿ ಚೆಲ್ಲಿ. ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಗಾಳಿ ಉಳಿಸಿಯೇ ತೂಗುಹಾಕಿ.

ಇನ್‌ಫ್ಲೇಟರನ್ನು ಮಾತ್ರ ಯಾರದೇ ಆಗಿರಲಿ, ಕೊಂಡ ಕೂಡಲೇ ಬಿಚ್ಚಿಸಿ ಸರ್ವಿಸ್ ಮಾಡಿಸಿ. ಉಪ್ಪು ಕಟ್ಟಿ ಬಟನ್ ಒಳಗೇ ಸಿಕ್ಕಿಕೊಂಡರೆ ಗಾಳಿ ನಿಲ್ಲದೆ ನುಗ್ಗಿ ನಿಮ್ಮನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಆಗ ಮಾಡಬೇಕಾದ್ದು, ಒಂದು ಕೈಯಿಂದ ಗಾಳಿ ಬಿಡುತ್ತಲೇ ಇನ್ನೊಂದು ಕೈಯಿಂದ, ಸಿಲಿಂಡರಿನ ಗಾಳಿ ತರುವ ಇನ್‌ಫ್ಲೇಟರಿನ ಹೋಸನ್ನು ಕಳಚುವುದು. ಕಳಚುವ ಕಾಲರ್ ಕೆಲವು ಹೋಸುಗಳಲ್ಲಿ ಸಣ್ಣದಾಗಿದ್ದು ಒದ್ದೆ ಬೆರಳಿಗೆ ಹಿಡಿತ ಸಿಗುವುದಿಲ್ಲ. ನಿಮ್ಮದರಲ್ಲಿ ಹಾಗಿದ್ದರೆ ಹೋಸನ್ನೇ ಬದಲಾಯಿಸಿ, ಮತ್ತು ಈಜುಕೊಳದಲ್ಲಿ ಬೋಧಕರು ಎದುರಿಗಿರುವಾಗ, ಕಣ್ಣು ಮುಚ್ಚಿಕೊಂಡು ಕಳಚಿ ಮತ್ತೆ ಸೇರಿಸಲು ಬರುವವರೆಗೆ ಅಭ್ಯಾಸ ಮಾಡಿ.