ಅಪ್‌ಡೇಟ್: ಮದುವೆ ಡಿವಿಡಿ ಪೂರ್ತಿ ಕಂಪ್ಯೂಟರಿಗೆ ಬಂತು

ದಾವಣಗೆರೆಯ ಸ್ಟುಡಿಯೋದವರು ಬರೆದುಕೊಟ್ಟ ಮನೆಯ ಮದುವೆ ಡಿವಿಡಿ ಕಾಪಿ ಮಾಡುವಾಗ ಅರ್ಧಕ್ಕೇ ನಿಲ್ಲುತ್ತದೆ ಎಂದು ಕೇಳಿದ್ದೆ. ಈಗ ಪೂರ್ತಿ ಬಂದಿದೆ. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಒರೆಸಿದರೆ ಗೀರು ಡೇಟಾದ ಸಾಲಿನುದ್ದಕ್ಕೂ ಬೀಳುತ್ತದೆ, ಅದನ್ನು ಸರಿಪಡಿಸಿಕೊಂಡು ಓದುವುದು ಡ್ರೈವಿಗೆ ಕಷ್ಟ. ಫೈಲುಗಳನ್ನು ಎಳೆದು ಹಾಕುವ ಬದಲು ಲಿನಕ್ಸಿನಲ್ಲಿ ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆಯುವ ತಂತ್ರಾಂಶ ಡಿಡಿರೆಸ್ಕ್ಯೂಗೆ ಸೆಕ್ಟರ್ (ಡಿಸ್ಕ್ ಓದುವ ಚಿಕ್ಕ ತುಣುಕು) ಅಳತೆ 2048 ಬೈಟ್ ಕೊಟ್ಟು ಐಎಸ್‌ಒ (ಇಡೀ ಡಿಸ್ಕಿನ ಪ್ರತಿಯಾದ ಒಂದೇ ಫೈಲ್) ತೆಗೆಯಿರಿ. ಓದಲಾಗದ್ದನ್ನು ಮೊದಲು ಬಿಟ್ಟು ಅದು ಮುಂದೆ ಹೋಗುತ್ತದೆ. ಯಾವುದು ಓದಾಯಿತು, ಯಾವುದು ಬಾಕಿ ಎಂದು ಅದು ಬರೆದಿಡುವ ಮ್ಯಾಪ್ ಫೈಲ್ ಉಳಿಸಿಕೊಂಡಿದ್ದರೆ ಬಾಕಿ ಸೆಕ್ಟರುಗಳನ್ನಷ್ಟೇ ಬೇರೆ ಡ್ರೈವಿನಲ್ಲಿ ಓದಿಸಬಹುದು. ಕೆಲಸ ಉಳಿಸಿದ್ದೇ ಇದು.

ನಂತರ ಅದನ್ನು ಸಾಮಾನ್ಯ ವಿಡಿಯೋ ಫೈಲ್ ಮಾಡಲು ಹ್ಯಾಂಡ್‌ಬ್ರೇಕ್ ತಂತ್ರಾಂಶ: ಎಚ್.264 (ವಿಡಿಯೋ ಕುಗ್ಗಿಸುವ ವಿಧಾನ), ಆರ್‌ಎಫ್ (ಗುಣಮಟ್ಟದ ಅಂಕಿ) 20, ಡಿಇಂಟರ್ಲೇಸ್ ಆನ್. ಪಾಲ್ (ಭಾರತದಲ್ಲಿ ಬಳಸುವ ಟಿವಿ ಮಾದರಿ) ಡಿವಿಡಿಯ 720×576 ಚಿತ್ರ ಇಲ್ಲಿ ಇಂಟರ್ಲೇಸ್ ಆಗಿತ್ತು, ಅಂದರೆ ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಇನ್ನೊಂದು ಕ್ಷಣದವು. ಆ ಆಯ್ಕೆ ಬಿಟ್ಟರೆ ಧಾರೆ ಎರೆಯುವ ಕೈಗಳ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಐಎಸ್‌ಒ ಅಳಿಸಬೇಡಿ, ಒಂದು ಪದರದ ಡಿವಿಡಿಯಾದರೆ ಹೆಚ್ಚೆಂದರೆ 4.7 ಜಿಬಿ.