ಹಾಸ್ಟೆಲ್ ಗೆಳೆಯ ಚೈನ್ ಬಿಸಿನೆಸ್‌ಗೆ ಕರೆಯುತ್ತಿದ್ದಾನೆ, ಮನಸ್ಸು ನೋಯಿಸದೆ ಬೇಡ ಅನ್ನೋದು ಹೇಗೆ?

ತುಮಕೂರು_ಹುಡುಗ:
ಡಿಪ್ಲೊಮಾ ಓದುವಾಗ ಮೂರು ವರ್ಷ ಒಂದೇ ರೂಮಿನಲ್ಲಿ ಇದ್ದವನು. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ನನ್ನ ಜೊತೆ ವಾರ್ಡಿನ ಹೊರಗೆ ನೆಲದ ಮೇಲೆ ಮಲಗಿದ್ದ. ಅಂಥವನು ತುಂಬಾ ದಿನ ಆದಮೇಲೆ ಫೋನ್ ಮಾಡಿ, "ಲೋ, ಭಾನುವಾರ ಫ್ರೀ ಇದ್ದೀಯಾ, ಒಂದು ವಿಷಯ ಇದೆ, ಫೋನಲ್ಲಿ ಬೇಡ" ಅಂದ. ಮದುವೆ ಗೊತ್ತಾಗಿರಬೇಕು ಅಂದುಕೊಂಡು ಖುಷಿಯಿಂದ ಹೋದೆ. ಕರೆದುಕೊಂಡು ಹೋಗಿದ್ದು ರಾಜಾಜಿನಗರದ ಒಂದು ಪಾರ್ಟಿ ಹಾಲಿಗೆ. ಐವತ್ತು ಅರವತ್ತು ಜನ, ಆ ಸೆಕೆಯಲ್ಲೂ ಕೋಟು, ಟೈ. ಒಬ್ಬರು ಬೋರ್ಡಿನ ಮೇಲೆ ಒಂದು ಸೊನ್ನೆ ಬರೆದರು, ಅದರ ಕೆಳಗೆ ಎರಡು, ಅದರ ಕೆಳಗೆ ನಾಲ್ಕು. "ನೀವು ಇಬ್ಬರನ್ನು ಸೇರಿಸಿದರೆ ಸಾಕು" ಅಂದರು. ಸೇರೋಕೆ 15,000 ರೂಪಾಯಿ. ಅದಕ್ಕೆ ಒಂದು ಪ್ಯಾಂಟು ಶರ್ಟಿನ ಬಟ್ಟೆ, ಎರಡು ಡಬ್ಬ ಪ್ರೋಟೀನ್ ಪೌಡರ್.

ಅವನು ಅಮ್ಮನ ಬಳೆ ಅಡ ಇಟ್ಟು ಸೇರಿದ್ದಾನೆ. ಅಲ್ಲೇ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ, "ನೋಡೋಣ ಕಣೋ" ಅಂದೆ. ಅವತ್ತಿನಿಂದ ದಿನಾ ಫೋನ್. ನಿನ್ನೆ ಇನ್ಯಾರೋ "ಸೀನಿಯರ್" ಅಂತೆ, ಅವರನ್ನೂ ಲೈನಿಗೆ ತಗೊಂಡಿದ್ದ. ಗೆಳೆತನ ಉಳಿಯಬೇಕು, ಇದು ನಿಲ್ಲಬೇಕು. ಏನು ಹೇಳಲಿ?

ಹಳೇ_ಡೌನ್‌ಲೈನ್:
ತಪ್ಪಾಗಿದ್ದು ಆ "ನೋಡೋಣ" ಅನ್ನೋ ಮಾತಿನಲ್ಲಿ. ನಮ್ಮಲ್ಲಿ ನೋಡೋಣ ಅಂದರೆ ಬೇಡ ಅಂತಲೇ ಅರ್ಥ, ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಆದರೆ ಅವರಿಗೆ ಟ್ರೈನಿಂಗ್ ಕೊಡೋದೇ ಬೇರೆ. ನಾನು ಇಂಥದ್ದರಲ್ಲಿ ಒಂದು ವರ್ಷಕ್ಕೂ ಜಾಸ್ತಿ ಇದ್ದವನು, ಅದಕ್ಕೇ ಹೇಳುತ್ತಿದ್ದೇನೆ. ಮೊದಲ ದಿನವೇ ಒಂದು ನೋಟ್‌ಬುಕ್ ಕೊಟ್ಟು ಗೊತ್ತಿರುವ ನೂರು ಜನರ ಹೆಸರು ಬರೆಸಿದರು. ಚಿಕ್ಕಪ್ಪ, ಅತ್ತೆ ಮಗ, ಹಳೇ ಮೇಷ್ಟ್ರು, ಕೊನೆಗೆ ಹೆಸರು ಸಾಲದೆ ಹಾಲು ಹಾಕುವವರನ್ನೂ ಬರೆದಿದ್ದೆ. "ನೋಡೋಣ" ಅಂದವರ ಹೆಸರಿಗೆ ಟಿಕ್, ಮೂರು ದಿನದೊಳಗೆ ಮತ್ತೆ ಫೋನ್ ಮಾಡಬೇಕು. ದುಡ್ಡಿಲ್ಲ ಅಂದರೆ "ಅದಕ್ಕೇ ಸೇರಬೇಕು", ಟೈಮಿಲ್ಲ ಅಂದರೆ "ದಿನಕ್ಕೆ ಒಂದೇ ಗಂಟೆ", ಮನೆಯಲ್ಲಿ ಕೇಳಬೇಕು ಅಂದರೆ "ನಾವೇ ಮನೆಗೆ ಬರ್ತೀವಿ". ನೀವು ಕೊಡುವ ಪ್ರತಿ ಕಾರಣಕ್ಕೂ ಒಂದು ಉತ್ತರ ಬಾಯಿಪಾಠ ಮಾಡಿಸಿರುತ್ತಾರೆ. ಹಾಗಾಗಿ ಕಾರಣ ಕೊಡಲೇಬೇಡಿ.

ನನಗೆ ಒಬ್ಬ ಗೆಳೆಯ ಹೇಳಿದ್ದು ಇಷ್ಟೇ: "ನಾನು ಸೇರಲ್ಲ ಕಣೋ, ಇವತ್ತೂ ಇಲ್ಲ, ಮುಂದೂ ಇಲ್ಲ. ಶನಿವಾರ ಊಟಕ್ಕೆ ಬಾ, ಅಮ್ಮ ಸೊಪ್ಪಿನ ಸಾರು ಮಾಡ್ತಾರೆ." ಒಂದು ತಿಂಗಳು ಅವನ ಮೇಲೆ ಕೋಪ ಇತ್ತು. ಎಲ್ಲಾ ಮುಗಿದಮೇಲೆ ತಲೆ ಎತ್ತಿಕೊಂಡು ಹೋಗೋಕೆ ಉಳಿದಿದ್ದು ಅವನ ಮನೆ ಒಂದೇ.

ಲೆಕ್ಕದ_ಮೇಷ್ಟ್ರು:
ಇಬ್ಬರು ಸಾಕು ಅನ್ನುವ ಮಾತನ್ನು ಪೇಪರ್ ಮೇಲೆ ಬರೆದು ತೋರಿಸಿ. ಅವನ ಕೆಳಗೆ 2, ಆಮೇಲೆ 4, 8. ಹತ್ತನೇ ಸಾಲಿಗೆ 1,024 ಜನ. ಇಪ್ಪತ್ತನೇ ಸಾಲಿಗೆ 10 ಲಕ್ಷ 48 ಸಾವಿರ. 26ನೇ ಸಾಲಿಗೆ 6 ಕೋಟಿ 71 ಲಕ್ಷ ಜನ ಬೇಕು, 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ ಸುಮಾರು 6 ಕೋಟಿ 11 ಲಕ್ಷ. ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ: 1, 2, 4, 8 ಕೂಡಿಸಿದರೆ 15, ಮುಂದಿನ ಸಾಲು 16. ಅಂದರೆ ಯಾವಾಗ ನೋಡಿದರೂ ಅರ್ಧಕ್ಕಿಂತ ಜಾಸ್ತಿ ಜನ ಕೊನೇ ಸಾಲಿನಲ್ಲೇ ಇರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ಮೇಲಿನವರ ಕಮಿಷನ್ ಇವರ ದುಡ್ಡಿನಿಂದಲೇ ಬರುವುದು.

ಕಾನೂನೂ ಹೊಸದಲ್ಲ. ಹೀಗೆ ಜನರನ್ನು ಸೇರಿಸಿ ದುಡ್ಡು ತಿರುಗಿಸುವುದಕ್ಕೆ 1978ರಲ್ಲೇ ಕೇಂದ್ರದ ನಿಷೇಧ ಕಾಯ್ದೆ ಬಂದಿದೆ. ನಡೆಸುವವರಿಗೆ ಮಾತ್ರ ಅಲ್ಲ, ಸದಸ್ಯರಾಗಿ ಸೇರುವುದಕ್ಕೂ ನಿಷೇಧ ಇದೆ, ಮೂರು ವರ್ಷದವರೆಗೆ ಜೈಲು ಆಗಬಹುದು. "ನಮ್ಮದು ಡೈರೆಕ್ಟ್ ಸೆಲ್ಲಿಂಗ್, ಸರ್ಟಿಫಿಕೇಟ್ ಇದೆ" ಅಂತಾರೆ. ಸಾಮಾನು ಮಾರಿ ಲಾಭ ತಗೊಂಡರೆ ತಪ್ಪಿಲ್ಲ. ಆದರೆ ಡೈರೆಕ್ಟ್ ಸೆಲ್ಲಿಂಗ್ ಹೆಸರಲ್ಲಿ ಪಿರಮಿಡ್ ಸ್ಕೀಮ್, ಅಂದರೆ ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಸಿಗುವ ಇಂಥ ಚೈನ್, ನಡೆಸಬಾರದು ಅಂತ 2021ರ ಡಿಸೆಂಬರ್‌ನಲ್ಲಿ ಬಂದ ನಿಯಮದಲ್ಲೇ ಇದೆ.

ಶಿರಸಿ_ಅಕ್ಕ:
ಮೇಷ್ಟ್ರೇ, ಲೆಕ್ಕ ಸರಿ, ಆದರೆ ಅಮ್ಮನ ಬಳೆ ಅಡ ಇಟ್ಟವನ ಮುಂದೆ ಈ ಲೆಕ್ಕ ಹಾಕಿದರೆ ಅವನಿಗೆ ಅವಮಾನ ಆಗುತ್ತದೆ, ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತಾನೆ. ಅವನಾಗಿ ಕೇಳಿದಾಗ ತೋರಿಸಲಿ.

ತಮ್ಮಾ, ನನ್ನ ಒಂದು ಮಾತು. ಸಹಾಯ ಆಗಲಿ ಅಂತ ಒಂದು ಡಬ್ಬ ಕೂಡ ಕೊಳ್ಳಬೇಡ. ನನ್ನ ವಾರಗಿತ್ತಿ ಇಂಥದ್ದಕ್ಕೆ ಸೇರಿದಾಗ ಸಂಬಂಧ ಕೆಡಬಾರದು ಅಂತ ನಾನು ಎರಡು ಡಬ್ಬ ತಗೊಂಡೆ. ಅವಳು "ನಮ್ಮಕ್ಕನೇ ತಗೊಂಡಿದ್ದಾರೆ" ಅಂತ ಊರಿಗೆಲ್ಲಾ ತೋರಿಸಿದಳು. ನನ್ನ ಮುಖ ನೋಡಿ ಇಬ್ಬರು ಸೇರಿದರು, ಅದರಲ್ಲಿ ಒಬ್ಬಳು ಹೊಲಿಗೆ ಮಾಡಿ ಮನೆ ನಡೆಸುವವಳು. ಅವಳ ಮುಖ ನೋಡೋಕೆ ನನಗೆ ಇವತ್ತಿಗೂ ಕಷ್ಟ. ವಾರಗಿತ್ತಿಯ ಮಂಚದ ಕೆಳಗೆ ಡೇಟ್ ಮುಗಿದ ಡಬ್ಬಗಳು ಇನ್ನೂ ಇವೆ.

ಇನ್ನೊಂದು, ಆ ಸೀನಿಯರ್ ಜೊತೆ ಮಾತಾಡಲೇಬೇಡ. "ನಿನ್ನ ಜೊತೆ ಎಷ್ಟು ಹೊತ್ತು ಬೇಕಾದರೂ ಮಾತಾಡ್ತೀನಿ, ಅವರ ಜೊತೆ ಇಲ್ಲ" ಅನ್ನು.

ತುಮಕೂರು_ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ನಾನೇ ಫೋನ್ ಮಾಡಿದೆ. "ನಾನು ಸೇರಲ್ಲ ಕಣೋ, ನೋಡೋಣ ಅಂದಿದ್ದು ನನ್ನದೇ ತಪ್ಪು" ಅಂದೆ. ಅವನು ಶುರು ಮಾಡಿದ, ಒಂದೇ ಗಂಟೆ ಸಾಕು ಅಂತ. ನಾನು ವಾದ ಮಾಡಲಿಲ್ಲ, ಇನ್ನೊಂದು ಸಲ ಅದೇ ಮಾತು ಹೇಳಿದೆ. ಆಮೇಲೆ, "ಅಮ್ಮನಿಗೆ ಬಳೆ ವಿಷಯ ಗೊತ್ತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡದೆ "ಸರಿ ಬಿಡು" ಅಂತ ಫೋನ್ ಇಟ್ಟ. ಬೇಜಾರು ಮಾಡಿಕೊಂಡ ಅಂತಲೇ ಅಂದುಕೊಂಡೆ. ಈಗ ಹತ್ತು ನಿಮಿಷದ ಹಿಂದೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು, ಬೇರೆ ಏನೂ ಬರೆದಿಲ್ಲ. ಗಿರವಿ ಅಂಗಡಿಯ ಚೀಟಿ, 20ನೇ ತಾರೀಖಿಗೆ ಬಡ್ಡಿ ಕಟ್ಟಬೇಕು ಅಂತ ಇದೆ. ನಾಳೆ ಡ್ಯೂಟಿ ಮುಗಿಸಿ ಅವನ ರೂಮಿಗೆ ಹೋಗುತ್ತಿದ್ದೇನೆ.